ಹರಿದದ್ದಕ್ಕೆ ಮಾತ್ರ ಗುರುತು

ಮಾರ್ಚ್ 2, ಗುರುವಾರ

ಪುಟ್ಟಿ,

ಇವತ್ತು ನನ್ನ ಉಪವಾಸ. ನಾಲ್ಕಕ್ಕೆ ಎದ್ದು ನೀರು ಹಿಡಿದು, ಕೋಣೆ ಗುಡಿಸಿ ಒರೆಸಿ, ಎರಡು ಬಟ್ಟೆ ಒಗೆದು ಹರವಿ, ದೇವರ ಮುಂದೆ ಕೂತು ಎದ್ದರೂ ಇನ್ನೂ ಐದೂವರೆ. ಒಲೆ ಹಚ್ಚುವ ಕೆಲಸ ಇಲ್ಲದ ದಿನ ಬೆಳಗು ಬಹಳ ಉದ್ದ. ಆ ಉದ್ದದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಎರಡು ವರ್ಷದ ಮೇಲೆ ನಿನ್ನ ಕಾಗದ ಬಂತು. ಆಸ್ಪತ್ರೆ ಗೇಟಿನ ಕಾವಲುಗಾರ ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಏನಮ್ಮ, ನಿಮಗೂ ಕಾಗದ ಬರೆಯೋರು ಇದ್ದಾರಾ?" ಅಂದ. "ನನ್ನ ತಂಗಿ" ಅಂದೆ. "ತಂಗಿ ಇದ್ದಾರೆ ಅಂತ ಹೇಳೇ ಇರಲಿಲ್ಲ" ಅಂದ. ಹನ್ನೊಂದು ವರ್ಷದಿಂದ ದಿನಾ ಅವನ ಮುಂದೆ ಹಾದುಹೋಗುತ್ತೇನೆ. ಹೇಳಿರಲಿಲ್ಲ, ನಿಜ.

ನೀನು ಬರೆದದ್ದನ್ನು ಎರಡು ಸಲ ಓದಿದೆ. ಮಾತ್ರೆ ಕಾರ್ಖಾನೆಯಲ್ಲಿ ನೀನು ಮೇಲ್ವಿಚಾರಕಿ ಎಂದು ಗೊತ್ತಿತ್ತು. ವಾರಕ್ಕೆ ನಾಲ್ಕು ದಿನ ತಡವಾಗಿ ಹೋಗುತ್ತೀ ಎಂದು ಗೊತ್ತಿರಲಿಲ್ಲ. ಹಿಂದಿನ ಪಾಳಿಯ ಮಾತ್ರೆ ಒಂದೂ ಯಂತ್ರದಲ್ಲಿ ಉಳಿದಿಲ್ಲವೆಂದು ನೀನು ನೋಡಿ ರುಜು ಹಾಕುವ ತನಕ ಹನ್ನೆರಡು ಜನ ಕೈಗವಸು ಹಾಕಿಕೊಂಡು, ಏನನ್ನೂ ಮುಟ್ಟದೆ, ಕೈ ಮೇಲೆತ್ತಿಕೊಂಡು ನಿಂತಿರಬೇಕಂತೆ. ಓದಿ ನಗು ಬಂತು. ಆಮೇಲೆ ಆ ಹನ್ನೆರಡು ಜನರ ತೋಳು ನೆನೆದು ನಗು ನಿಂತಿತು. ಮ್ಯಾನೇಜರು ಮೂರು ತಿಂಗಳ ಗಡುವು ಕೊಟ್ಟಿದ್ದಾರೆ, ಅಷ್ಟರಲ್ಲಿ ಸಮಯಕ್ಕೆ ಬರುವುದು ಕಲಿಯದಿದ್ದರೆ ಕೆಲಸ ಹೋಗುತ್ತದೆ, ಅದಕ್ಕೇ ಒಳ್ಳೆಯ ಅಭ್ಯಾಸ ಕಲಿಸುವ ತರಬೇತಿಗೆ ಕಳಿಸಿದರು ಎಂದು ಬರೆದಿದ್ದೀ.

ಅಭ್ಯಾಸ ಅಂದರೆ ನನಗೆ ನಮ್ಮ ಶಾಲೆ ಪುಸ್ತಕವೇ ನೆನಪು. ಪಾಠ ಮುಗಿದ ಮೇಲೆ ದಪ್ಪಕ್ಷರದಲ್ಲಿ "ಅಭ್ಯಾಸ", ಅದರ ಕೆಳಗೆ "ಬಿಟ್ಟ ಸ್ಥಳ ತುಂಬಿರಿ". ಪಾಠ ಕೇಳುವಾಗ ತಲೆ ಆಡಿಸಿದವರೆಲ್ಲ ಅಭ್ಯಾಸ ಬಂದಾಗ ಮೇಷ್ಟರ ಕಣ್ಣು ತಪ್ಪಿಸುತ್ತಿದ್ದೆವು. ನಿನ್ನ ತರಬೇತಿಯವರು ಹೇಳಿದ್ದು ಕೆಟ್ಟದ್ದೇನಲ್ಲ. ಒಂದೇ ಅಭ್ಯಾಸ ಹಿಡಿ. ಹಳೆಯ ಗೂಟಕ್ಕೇ ಹೊಸ ಕರುವನ್ನು ಕಟ್ಟು. ದಿನಾ ಹಾಳೆಯಲ್ಲಿ ಗುರುತು ಹಾಕು. ವಾರಕ್ಕೊಮ್ಮೆ ಹಾಳೆಯನ್ನು ನಿನ್ನನ್ನು ಬಲ್ಲ ಒಬ್ಬ ಸಾಕ್ಷಿಗೆ ಕಳಿಸು. ಸಾಕ್ಷಿಯೂ ತನ್ನದೊಂದು ಹಾಳೆ ಇಡಲಿ.

ಸಾಕ್ಷಿಯಾಗಿ ನನ್ನನ್ನು ಆರಿಸಿದ್ದೀ. ಬೇರೆ ಯಾರೂ ಒಪ್ಪಲಿಲ್ಲವೇನೋ ಎಂದುಕೊಂಡೆ. ಆದರೂ ಸರಿ. ನನ್ನ ಹಾಳೆಗೆ "ಇಪ್ಪತ್ತು ನಿಮಿಷ ನಡಿಗೆ" ಎಂದು ಬರೆದುಕೊಂಡಿದ್ದೇನೆ. ಡಾಕ್ಟರಮ್ಮ ಮೊಣಕಾಲು ತಟ್ಟಿ ಹೇಳಿ ಹೇಳಿ ಸೋತಿದ್ದರು.

ಗುರುತು ಹೇಗೆ ಹಾಕಬೇಕೆಂದು ಅರ್ಧ ಪುಟ ಬರೆದಿದ್ದೀ. ಎರಡು ಸಲವೂ ಅಷ್ಟನ್ನು ದಾಟಿ ಓದಿದೆ. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ನನ್ನದು ಅದೇ ಕೆಲಸ. ಸಾವಿರ ಹಾಸಿಗೆ ಬಟ್ಟೆ ಬರುತ್ತವೆ. ನೆಟ್ಟಗಿದ್ದವು ಸದ್ದಿಲ್ಲದೆ ಕಪಾಟು ಸೇರುತ್ತವೆ, ಹರಿದದ್ದು ಕೆಂಪು ದಾರ ಕಟ್ಟಿಸಿಕೊಂಡು ಕೂರುತ್ತದೆ. ಗಿಣಿಗೆ ಹಾರುವುದು ಕಲಿಸಬೇಡ.

ಫೋನ್ ಮಾಡಬೇಡ. ನಿನ್ನ ದನಿ ಕೇಳಿದರೆ ನನಗೆ ಜಗಳದ ಚಪಲ. ಕಾಗದದಲ್ಲಾದರೆ ಪ್ರತಿ ಬೈಗುಳಕ್ಕೂ ಅಂಚೆಚೀಟಿ ಹಚ್ಚಬೇಕು, ಹಾಗಾಗಿ ನಾಲಿಗೆ ಹಿಡಿತದಲ್ಲಿ ಇರುತ್ತದೆ. ಅಮ್ಮ ಹೋದ ದಿನದ ಮಾತನ್ನು ನೀನು ಎತ್ತಿಲ್ಲ. ನಾನೂ ಎತ್ತುವುದಿಲ್ಲ.

ನಿನ್ನ ಅಕ್ಕ

*

ಮಾರ್ಚ್ 11, ಶನಿವಾರ

ಅಕ್ಕ,

ಅವಸರದಲ್ಲಿದ್ದೇನೆ, ಬೈಯಬೇಡ. ಮೊದಲ ವಾರದ ಹಾಳೆ ಜೊತೆಗಿದೆ. ಸೋಮವಾರದಿಂದ ಶನಿವಾರ, ದಿನಕ್ಕೊಂದರಂತೆ ಆರು ಮನೆ. ನೋಡಿದರೆ ಗೊತ್ತಾಗುತ್ತದೆ.

ತರಬೇತಿಯವರು ಹೇಳಿದ್ದರಲ್ಲಿ ನಿನಗೆ ಉಪಯೋಗವಾಗುವುದು ಎರಡು. ನಡಿಗೆಗೆ ಬೇರೆ ಹೊತ್ತು ಹುಡುಕಬೇಡ, ಪ್ರಾರ್ಥನೆ ಮುಗಿಸಿ ಎದ್ದ ಕಾಲಲ್ಲೇ ಚಪ್ಪಲಿ ಮೆಟ್ಟು. ಎರಡನೆಯದು, ಆಗದ ದಿನ ನಿನ್ನನ್ನು ನೀನು ಹೀಗಳೆಯಬೇಡ. ಒಂದು ದಿನ ತಪ್ಪಿದರೆ ತಪ್ಪು, ಎರಡು ದಿನ ತಪ್ಪಿದರೆ ಅದೇ ಹೊಸ ಅಭ್ಯಾಸ ಅಂತಾರೆ ಅವರು.

ನಾನು ಬೂಟು ಬಾಗಿಲ ಬಳಿ, ಗಡಿಯಾರ ಅಡುಗೆಕೋಣೆಯ ಪಾತ್ರೆಯೊಳಗೆ ಇಟ್ಟಿದ್ದೇನೆ. ಅದು ಬಡಿದರೆ ಪಕ್ಕದ ಮನೆಯವರೂ ಏಳುತ್ತಾರೆ.

ಉಳಿದದ್ದು ಮುಂದೆ ಬರೆಯುತ್ತೇನೆ.

ಪುಟ್ಟಿ

*

ಮಾರ್ಚ್ 16, ಗುರುವಾರ

ಪುಟ್ಟಿ,

ಇವತ್ತಿನ ಉಪವಾಸ ಅಷ್ಟು ಭಾರ ಅನಿಸಲಿಲ್ಲ. ನಿನ್ನ ಕಾಗದ ಓದುತ್ತಾ ಕಳೆದೆ. ಮಗ್ಗಿ ಓದಿದಂತೆ ಬಾಯಿಗೆ ಬಂದುಬಿಟ್ಟಿದೆ, ಅಷ್ಟು ಚಿಕ್ಕದು.

ಹಾಳೆ ನೋಡಿದೆ. ಆರು ಮನೆಗೂ ಗುರುತು. ಒಂದು ದಿನವೂ ಆಗಲಿಲ್ಲ.

ಇರಲಿ ಬಿಡು ಪುಟ್ಟಿ. ಬಯ್ಯುವುದಿಲ್ಲ. ಬಯ್ಯಲೆಂದೇ ಕೂತಿದ್ದೆ, ಆದರೆ ಹಾಳೆ ಕೈಯಲ್ಲಿ ಹಿಡಿದರೆ ಬಯ್ಗುಳ ಬರಲಿಲ್ಲ. ಬೇರೆ ಯಾರೇ ಆಗಿದ್ದರೂ ನಾಲ್ಕು ದಿನ ಆಯಿತು, ಎರಡು ದಿನ ಆಗಲಿಲ್ಲ ಎಂದು ಒಪ್ಪ ಮಾಡಿ ಕಳಿಸುತ್ತಿದ್ದರು. ನೀನು ಒಂದನ್ನೂ ಮುಚ್ಚಿಡಲಿಲ್ಲ. ನಮ್ಮಮ್ಮ ಹೇಳುತ್ತಿದ್ದದ್ದು ನೆನಪಿದೆಯಾ? "ಚಿಕ್ಕೋಳು ತಡವಾಗಿ ಬರ್ತಾಳೆ, ಆದ್ರೆ ಸುಳ್ಳು ಹೇಳ್ಕೊಂಡು ಬರಲ್ಲ." ಹಾಳೆಯನ್ನು ದೇವರ ಮುಂದೆ ಇಟ್ಟು ಬಂದೆ.

ಬೆಳಗ್ಗೆ ಆರರ ಪಾಳಿಗೆ ಹಾಜರಾಗುವುದು ದೊಡ್ಡ ಮಾತು. ಮೊದಲು ಚಿಕ್ಕದು ಹಿಡಿ. ನಾನು ಮೊದಲ ದಿನ ನಡೆಯಲೇ ಇಲ್ಲ, ಚಪ್ಪಲಿ ಮೆಟ್ಟಿ ಮೆಟ್ಟಿಲ ತನಕ ಹೋಗಿ ನಿಂತು ಬಂದೆ. ಮಾರನೆಯ ದಿನ ನೀರಿನ ತೊಟ್ಟಿಯ ತನಕ. ಈಗ ಆಸ್ಪತ್ರೆಯ ಹಿಂದಿನ ಗೋಡೆ ಸುತ್ತಿ ಬರುತ್ತೇನೆ. ನನ್ನ ಹಾಳೆ ಜೊತೆಗಿದೆ. ಜಂಬ ಎಂದುಕೊಳ್ಳಬೇಡ, ನೋಡಿದರೆ ನಿನಗೇ ತಿಳಿಯುತ್ತದೆ.

ಬಟ್ಟೆ ಕೋಣೆಯಲ್ಲಿ ನನ್ನ ಜೊತೆ ಮಡಿಸುತ್ತಿದ್ದ ಗುಂಡಕ್ಕ ನಿವೃತ್ತಿಯಾದಳು. ಅವಳ ಜಾಗಕ್ಕೆ ಯಾರೂ ಬಂದಿಲ್ಲ. ದೊಡ್ಡ ಹೊದಿಕೆ ಮಡಿಸಲು ಇಬ್ಬರು ಬೇಕು. ಒಂದು ತುದಿಯನ್ನು ಕಿಟಕಿಯ ಚಿಲಕಕ್ಕೆ ಸಿಕ್ಕಿಸಿ ಮಡಿಸುತ್ತೇನೆ. ಚಿಲಕ ಗುಂಡಕ್ಕನಷ್ಟು ಮಾತಾಡುವುದಿಲ್ಲ, ಅದೊಂದು ಉಪಕಾರ. ಅದೊಂದು ತೊಂದರೆಯೂ ಹೌದು.

ಗಡುವು ಇನ್ನೂ ಎರಡೂವರೆ ತಿಂಗಳು ಇದೆ. ಗಾಬರಿಯಾಗಬೇಡ.

ಅಕ್ಕ

*

ಮಾರ್ಚ್ 18, ಶನಿವಾರ

ಅಕ್ಕ,

ಎರಡನೇ ವಾರದ ಹಾಳೆ ಇದರ ಜೊತೆಗಿದೆ. ನಿನ್ನ ಕಾಗದ ಇನ್ನೂ ಬಂದಿಲ್ಲ, ದಾರಿಯಲ್ಲಿ ಇರಬೇಕು.

ಇಲ್ಲಿ ಎಲ್ಲ ಎಂದಿನಂತೆ. ಎದುರು ಮನೆಯ ಮುದುಕರು ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಕಿಟಕಿ ತೆಗೆದು ಹಕ್ಕಿಗೆ ಕಾಳು ಹಾಕುತ್ತಾರೆ. ಒಂದು ನಿಮಿಷ ಹಿಂದೆ ಮುಂದೆ ಇಲ್ಲ. ಹಕ್ಕಿಗಳು ಹತ್ತಕ್ಕೆ ಐದು ನಿಮಿಷ ಇರುವಾಗಲೇ ಬಂದು ತಂತಿಯ ಮೇಲೆ ಸಾಲಾಗಿ ಕೂತಿರುತ್ತವೆ. ಯಾವ ತರಬೇತಿಗೆ ಹೋಗಿದ್ದವೋ.

ಪುಟ್ಟಿ

*

ಮಾರ್ಚ್ 23, ಗುರುವಾರ

ಪುಟ್ಟಿ,

ಈ ಹಾಳೆಯಲ್ಲೂ ಆರಕ್ಕೆ ಆರು ಗುರುತು. ಈ ಸಲ ಸ್ವಲ್ಪ ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ.

ಹಾಸಿಗೆಯಿಂದ ಏಳುವುದೇ ಕಷ್ಟವೋ, ಎದ್ದ ಮೇಲೆ ಹೊರಡುವುದು ಕಷ್ಟವೋ, ಅದನ್ನು ಮೊದಲು ಕಂಡುಕೋ. ನೀನು ಚಿಕ್ಕವಳಿದ್ದಾಗ ಏಳುವುದಕ್ಕೆ ತಡ ಮಾಡುತ್ತಿರಲಿಲ್ಲ. ಎದ್ದು ಹಾಸಿಗೆಯ ತುದಿಯಲ್ಲಿ ಕೂತು ಗೋಡೆ ನೋಡುತ್ತಿದ್ದೆ. ಶಾಲೆ ಗಂಟೆ ಹೊಡೆದ ಮೇಲೆ ಜಡೆಯ ಪಟ್ಟಿ ಹುಡುಕುತ್ತಿದ್ದೆ. ನಾನು ಬಾಗಿಲಲ್ಲಿ ನಿಂತು ಕೂಗುತ್ತಿದ್ದೆ. ಈಗ ಅಲ್ಲಿ ಕೂಗುವವರು ಯಾರೂ ಇಲ್ಲವಲ್ಲ ಎಂದು ಮನಸ್ಸಿಗೆ ಬಂತು. ಬೆಳಗ್ಗೆ ನಾಲ್ಕೂವರೆಗೆ ಪ್ರಾರ್ಥನೆಯಲ್ಲಿ ನಿನ್ನ ಹೆಸರು ಹಿಡಿದು ಕೂಗುತ್ತೇನೆ. ಕೇಳಿಸಿದರೆ ಏಳು.

ಮುದುಕರು ಕಾಳು ಹಾಕುವ ಹತ್ತು ಗಂಟೆಗೆ ನೀನು ಮನೆಯಲ್ಲಿ ಏನು ಮಾಡುತ್ತಿದ್ದೆ? ಭಾನುವಾರ ಇರಬೇಕು.

ನನ್ನ ಎರಡನೆಯ ಹಾಳೆಯೂ ಮೊದಲಿನಂತೆಯೇ. ಇಟ್ಟುಕೋ.

ಅಕ್ಕ

*

ಏಪ್ರಿಲ್ 6, ಗುರುವಾರ

ಪುಟ್ಟಿ,

ಎರಡು ವಾರದಿಂದ ನಿನ್ನದು ಹಾಳೆಯೂ ಇಲ್ಲ, ಅಕ್ಷರವೂ ಇಲ್ಲ.

ನನ್ನ ಮಾತಿನಲ್ಲಿ ಏನು ಚುಚ್ಚಿತು ಎಂದು ಹುಡುಕಿದೆ. ಜಡೆಯ ಮಾತೋ, ಹತ್ತು ಗಂಟೆಯ ಮಾತೋ. ಕಾವಲುಗಾರ ಈಗ ನಾನು ಕೇಳುವ ಮೊದಲೇ ತಲೆ ಅಲ್ಲಾಡಿಸುತ್ತಾನೆ. ನಿನ್ನೆ, "ಅಮ್ಮ, ನೀವು ಹೀಗೆ ನೋಡ್ತಾ ಇದ್ರೆ ನಾನೇ ಒಂದು ಕಾಗದ ಬರೆದು ಹಾಕ್ತೀನಿ" ಅಂದ. ಒಳ್ಳೆಯವನು. ನಗಬೇಕಿತ್ತು, ನಗಲಿಲ್ಲ.

ನೀನು ಕಳಿಸದಿದ್ದರೂ ನನ್ನ ಹಾಳೆ ಕಳಿಸುತ್ತಿದ್ದೇನೆ. ಕೊಟ್ಟ ಮಾತು.

ಅಕ್ಕ

*

ಏಪ್ರಿಲ್ 10, ಸೋಮವಾರ

ಅಕ್ಕ,

ಹೇಗೆ ಗೊತ್ತಾಯಿತು ನಿನಗೆ?

ನಿನ್ನ ಮಾರ್ಚ್ 16ರ ಕಾಗದ ಒಡೆದು "ಒಂದು ದಿನವೂ ಆಗಲಿಲ್ಲ" ಎಂಬ ಸಾಲು ಓದಿ ಅಡುಗೆಕೋಣೆಯ ನೆಲದ ಮೇಲೆ ಕೂತುಬಿಟ್ಟೆ. ಇಲ್ಲಿ ಯಾರಿಗೂ ಗೊತ್ತಿಲ್ಲದ್ದು ಅಷ್ಟು ದೂರದ ನಿನಗೆ ಹೇಗೆ ಕಂಡಿತು? ಆರೂ ಗುರುತನ್ನು ಶನಿವಾರ ಒಂದೇ ಸಲ ಕೂತು ಹಾಕಿದ್ದೆ. ಒಂದೇ ಶಾಯಿ, ಒಂದೇ ವಾಲು. ಮಡಿಕೆ ನೋಡಿ ಬಟ್ಟೆ ಯಾವ ವಾರ್ಡಿನದು ಎಂದು ಹೇಳುವವಳು ನೀನು. ಅದರಿಂದಲೇ ಕಂಡುಹಿಡಿದೆ ಎಂದುಕೊಂಡೆ.

ಮತ್ತೆ ನನ್ನನ್ನು ಸುಳ್ಳಿ ಎನ್ನಲಿಲ್ಲ ನೀನು. ಸತ್ಯ ಹೇಳಿದವಳೆಂದು ಹೊಗಳಿದೆ. ಕಪಾಳಕ್ಕೆ ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅದಕ್ಕೇ ಬರೆಯಲು ಆಗಲಿಲ್ಲ.

ಕೆಲಸ ಹೋಗಿದೆ ಅಕ್ಕ. ಮಾರ್ಚ್ 8ರಂದೇ ಹೋಯಿತು. ಆ ಸೋಮವಾರ, ಮಂಗಳವಾರವೂ ತಡವೇ, ಅವತ್ತು ನಲವತ್ತು ನಿಮಿಷ. ಒಳಗೆ ಹೋದಾಗ ಹನ್ನೆರಡು ಜನರೂ ಕೈ ಮೇಲೆತ್ತಿಕೊಂಡೇ ನನ್ನ ಕಡೆ ತಿರುಗಿದರು. ಶರಣಾದವರ ಹಾಗೆ ನಿಂತಿದ್ದರು. ಯಾರೋ ಹಿಂದಿನಿಂದ, "ಬಂದ್ರು ಮಹಾರಾಣಿ, ಕೈ ಇಳಿಸಬಹುದೇನಪ್ಪ" ಅಂದರು. ಮ್ಯಾನೇಜರು ಬೈಯಲಿಲ್ಲ. "ಮೂರು ತಿಂಗಳು ಕಾಯೋದು ಇವರಿಗೂ ಅನ್ಯಾಯ, ನಿಮಗೂ ಅನ್ಯಾಯ" ಎಂದರು. ಟೋಪಿ, ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿ ಬಂದೆ.

ಮೂರು ದಿನದ ಮೇಲೆ ನಿನಗೆ ಹಾಳೆ ಕಳಿಸುವ ದಿನ ಬಂತು. "ಸಮಯಕ್ಕೆ ಹೋದೆ" ಎಂದು ಅಕ್ಷರದಲ್ಲಿ ಬರೆಯಲು ಕೈ ಬರಲಿಲ್ಲ. ಗುರುತು ಹಾಕುವುದು ಸುಲಭವಾಯಿತು. ಗುರುತಿಗೆ ಬಾಯಿ ಇಲ್ಲವಲ್ಲ.

ತಮಾಷೆ ಕೇಳು. ಕೆಲಸ ಹೋದ ಮಾರನೆಯ ದಿನದಿಂದ ನಾಲ್ಕೂವರೆಗೆ ತಾನಾಗಿ ಎಚ್ಚರವಾಗುತ್ತದೆ. ಗಡಿಯಾರ ಬೇಡ. ಐದಕ್ಕೆ ಬೂಟು ಹಾಕಿಕೊಳ್ಳುತ್ತೇನೆ, ಕಟ್ಟಿಕೊಳ್ಳುತ್ತೇನೆ, ಹಾಸಿಗೆಯ ತುದಿಯಲ್ಲಿ ಕೂತು ಗೋಡೆ ನೋಡುತ್ತೇನೆ. ಹತ್ತಕ್ಕೆ ಮುದುಕರು ಕಿಟಕಿ ತೆಗೆದ ಮೇಲೆ ಬೂಟು ಬಿಚ್ಚುತ್ತೇನೆ. ಅದೇ ಈಗಿನ ಅಭ್ಯಾಸ. ಒಂದು ದಿನವೂ ತಪ್ಪಿಲ್ಲ.

ನಿನ್ನ ಹಾಳೆಗಳೂ ಬಂದಿವೆ, ಮೂರೂ. ಎಲ್ಲ ಖಾಲಿ. ಮೂರನೆಯದರಲ್ಲಿ ಮಾತ್ರ ಮಾರ್ಚ್ 30ರ ಮನೆಗೆ ಒಂದು ಗುರುತು. ನಡಿಗೆ ಎಂದೆಲ್ಲ ಬರೆದರೂ ನೀನು ಅಷ್ಟು ದಿನದಲ್ಲಿ ಒಂದೇ ದಿನ ನಡೆದದ್ದು. ತಂಗಿಗೆ ಒಬ್ಬಳೇ ಸೋತೆ ಎನಿಸದಿರಲಿ ಎಂದು ಖಾಲಿ ಕಳಿಸಿದೆಯಲ್ಲವಾ? ಹಾಗೆಯೇ ಇರಬೇಕು ಎಂದುಕೊಂಡು ಅವನ್ನು ಕನ್ನಡಿಗೆ ಸಿಕ್ಕಿಸಿದ್ದೇನೆ.

ಯಾಕೆ ತಡವಾಗುತ್ತದೆ ಎಂದು ನೀನು ಕೇಳಿದೆ. ಅಮ್ಮ ಹೋದ ದಿನ ನೀನು ಬಾಗಿಲಲ್ಲಿ ನಿಂತು ಹೇಳಿದ್ದು ದಿನಾ ಹೊರಡುವ ಹೊತ್ತಿಗೆ ಕೇಳಿಸುತ್ತದೆ. "ನೀನು ನಿನ್ನ ಸಾವಿಗೂ ತಡವಾಗಿಯೇ ಬರ್ತೀಯ." ಆಮೇಲೆ ಎಲ್ಲಿಗೆ ಹೊರಟರೂ ಆಗಲೇ ತಡವಾಗಿದೆ ಅನಿಸುತ್ತದೆ. ತಡವಾದ ಮೇಲೆ ಓಡುವುದು ಯಾಕೆ ಎಂದು ಕೂರುತ್ತೇನೆ. ತರಬೇತಿಯವರ ಪುಸ್ತಕದಲ್ಲಿ ಇದಕ್ಕೆ ಮನೆ ಇಲ್ಲ.

ಒಂದು ಕೇಳಬೇಕು. ಎರಡು ವರ್ಷದಿಂದ ಕೇಳಬೇಕೆಂದೇ ಇದ್ದೆ, ಆ ಸಾಕ್ಷಿ, ಹಾಳೆ ಎಲ್ಲ ಅದಕ್ಕೆ ನೆಪವೇನೋ. ಕೊನೆಯ ಗಳಿಗೆಯಲ್ಲಿ ಅಮ್ಮ ನನ್ನನ್ನು ಕೇಳಿದಳಾ? ಏನಂದಳು?

ಪುಟ್ಟಿ

*

ಏಪ್ರಿಲ್ 13, ಗುರುವಾರ

ಪುಟ್ಟಿ,

ಇವತ್ತು ಗುರುವಾರ, ಆದರೆ ಉಪವಾಸ ಇಲ್ಲ. ನಾಲ್ಕಕ್ಕೆ ಎದ್ದು ನೀರು ಹಿಡಿದೆ, ಗುಡಿಸಿದೆ, ಒರೆಸಿದೆ. ಆಮೇಲೆ ಒಲೆ ಹಚ್ಚಿದೆ. ಯಾಕೆಂದು ಕೊನೆಗೆ ಹೇಳುತ್ತೇನೆ.

ಮೊದಲು ಒಂದು ತಪ್ಪೊಪ್ಪಿಗೆ. ನಾನು ಏನನ್ನೂ ಕಂಡುಹಿಡಿಯಲಿಲ್ಲ. ಅಷ್ಟು ಜಾಣತನ ನನ್ನಲ್ಲಿದ್ದರೆ ಏಳನೇ ತರಗತಿಗೆ ಶಾಲೆ ಬಿಡುತ್ತಿದ್ದೆನಾ? ನಿನ್ನ ಕಾಗದ ಓದಿ, ಹಾಳೆಗಳನ್ನು ಮತ್ತೆ ತೆಗೆದು, ನೀನು ಗುರುತು ಹಾಕುವ ಕ್ರಮ ಬರೆದಿದ್ದ ಆ ಅರ್ಧ ಪುಟವನ್ನು ಈಗ ಮೊದಲ ಸಲ ಓದಿದೆ. "ಆದ ದಿನ ಗುರುತು ಹಾಕಬೇಕು, ಆಗದ ದಿನ ಖಾಲಿ ಬಿಡಬೇಕು" ಅಂತ ಇದೆ. ನಮ್ಮ ಬಟ್ಟೆ ಕೋಣೆಯಲ್ಲಿ ಅದು ತಲೆಕೆಳಗು. ನೆಟ್ಟಗಿದ್ದದ್ದಕ್ಕೆ ಯಾರು ಗುರುತು ಹಾಕುತ್ತಾರೆ? ಹರಿದದ್ದಕ್ಕೆ ಮಾತ್ರ. ನಿನ್ನ ಆರು ಗುರುತು ಕಂಡು ಆರು ದಿನವೂ ಹರಿಯಿತು ಎಂದುಕೊಂಡೆ, ಅಷ್ಟೆ. ನೀನು ಸುಳ್ಳು ಬರೆದೆ, ನಾನು ತಪ್ಪು ಓದಿದೆ, ಎರಡೂ ಕೂಡಿ ನಿಜವಾಯಿತು. ದೇವರ ಕೆಲಸ ಅನ್ನಬೇಕೋ ನನ್ನ ದಡ್ಡತನ ಅನ್ನಬೇಕೋ ತಿಳಿಯದೆ ಎರಡಕ್ಕೂ ಕೈ ಮುಗಿದೆ.

ಹಾಗಾಗಿ ಕನ್ನಡಿಗೆ ಸಿಕ್ಕಿಸಿದ ಹಾಳೆಗಳನ್ನು ಇಳಿಸು. ಅವು ಕರುಣೆಯಿಂದ ಕಳಿಸಿದವಲ್ಲ. ಖಾಲಿ ಇದ್ದ ದಿನವೆಲ್ಲ ನಾನು ನಡೆದಿದ್ದೇನೆ. ಮೊಣಕಾಲು ಈಗ ಮೆಟ್ಟಿಲಲ್ಲಿ ಸದ್ದು ಮಾಡುವುದಿಲ್ಲ. ಗುರುತು ಬಿದ್ದ ಆ ಒಂದು ಗುರುವಾರ ಮಾತ್ರ ನಡೆಯಲಿಲ್ಲ. ಅಂಚೆ ಬರುವ ಹೊತ್ತು ತಪ್ಪೀತೆಂದು ಬೆಳಗ್ಗೆಯಿಂದ ಗೇಟಿನಲ್ಲೇ ನಿಂತಿದ್ದೆ. ಕಾವಲುಗಾರ ಕುರ್ಚಿ ಕೊಟ್ಟ. ಕೂರಲಿಲ್ಲ. ಕೂತರೆ ಕಾಗದ ಬರುವುದಿಲ್ಲ ಎಂದು ಏನೋ ಒಂದು ನಂಬಿಕೆ.

ನನ್ನನ್ನು ಬಹಳ ಶಿಸ್ತಿನವಳೆಂದು ತಿಳಿದಿದ್ದೀ. ಚಿಕ್ಕಂದಿನಿಂದ ಅದನ್ನೇ ನಿನ್ನ ತಲೆಗೆ ಕುಟ್ಟಿದ್ದೇನೆ. ಈಗ ಕೇಳು. ನಾಲ್ಕಕ್ಕೆ ಏಳುತ್ತಿದ್ದದ್ದು ಅಮ್ಮನಿಗೆ ಮಗ್ಗುಲು ಬದಲಿಸಿ ನೀರು ಕುಡಿಸಲು. ಅಮ್ಮ ಹೋದ ಮೇಲೂ ನಾಲ್ಕಕ್ಕೆ ಎಚ್ಚರ. ಎದ್ದು ಕೂತು, ಮಾಡಲು ಏನೂ ಇಲ್ಲದೆ, ಒರೆಸಿದ ನೆಲವನ್ನೇ ಒರೆಸುತ್ತೇನೆ. ಗುರುವಾರದ ಉಪವಾಸವೂ ದೇವರಿಗೆಂದು ಶುರುವಾದದ್ದಲ್ಲ. ಗುರುವಾರ ನನಗೆ ವಾರದ ರಜೆ. ಉಳಿದ ದಿನ ಆಸ್ಪತ್ರೆಯ ಅಡುಗೆಮನೆಯಲ್ಲಿ ನಾಲ್ಕು ಜನರ ಜೊತೆ ಉಣ್ಣುತ್ತೇನೆ. ರಜೆಯ ದಿನ ಒಂದೇ ತಟ್ಟೆ ಇಟ್ಟುಕೊಂಡು ಕೂರಲು ಆಗುತ್ತಿರಲಿಲ್ಲ. ಉಣ್ಣದೆ ಎದ್ದುಬಿಡುತ್ತಿದ್ದೆ. ಉಣ್ಣಲಾಗದ ಊಟಕ್ಕೆ ಉಪವಾಸ ಎಂದು ಹೆಸರಿಟ್ಟು ದೇವರ ತಲೆಗೆ ಕಟ್ಟಿದೆ. ಅವನು ಬೇಡ ಅನ್ನಲಿಲ್ಲ. ನೀನು ಬೂಟು ಕಟ್ಟಿಕೊಂಡು ಗೋಡೆ ನೋಡುತ್ತೀ, ನಾನು ಹಸಿದುಕೊಂಡು ದೇವರನ್ನು ನೋಡುತ್ತೇನೆ. ನಿನ್ನ ತರಬೇತಿಯವರು ಬಂದು ಯಾವುದು ಒಳ್ಳೆಯ ಅಭ್ಯಾಸ ಎಂದು ಹೇಳಲಿ.

ಇನ್ನು ಬಾಗಿಲಲ್ಲಿ ಆಡಿದ ಮಾತು. ಆಡಿದ್ದು ನಾನೇ. ಸಿಟ್ಟಿನಲ್ಲಿ ಆಡಿದೆ ಎಂದರೆ ಅದು ನೆಪ. ಕೊನೆಯ ಹನ್ನೆರಡು ದಿನ ಹಗಲೂ ರಾತ್ರಿ ಅಮ್ಮನನ್ನು ಒಬ್ಬಳೇ ನೋಡಿಕೊಂಡಿದ್ದೆ, ಒಂದು ತುದಿ ಹಿಡಿಯಲು ಯಾರೂ ಇರಲಿಲ್ಲ, ನೀನು ಕಾಲಿಟ್ಟ ಕೂಡಲೇ ಅಷ್ಟನ್ನೂ ನಿನ್ನ ಮೇಲೆ ಎಸೆದೆ. ಆ ಮಾತಿಗೆ ಕೆಂಪು ದಾರ ಕಟ್ಟಿ ಎರಡು ವರ್ಷವಾಯಿತು, ಹೊಲಿಯಲು ಕೂರಲಿಲ್ಲ. ತಪ್ಪಾಯಿತು ಪುಟ್ಟಿ. ನೀನು ಅಂದು ತಡವಾಗಿ ಬಂದೆ. ನಾನು ಇದನ್ನು ಹೇಳಲು ಅದಕ್ಕಿಂತ ತಡ ಮಾಡಿದೆ.

ಕೆಲಸ ಮತ್ತೆ ಸಿಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಸಿಗುತ್ತದೆ ಎಂದು ಸುಮ್ಮನೆ ಬರೆಯುವುದಿಲ್ಲ. ಆದರೆ ಐದಕ್ಕೆ ಬೂಟು ಹಾಕಿಕೊಳ್ಳುವುದು ಬಿಡಬೇಡ. ಅದು ಅರ್ಧ ಕೆಲಸ. ಉಳಿದರ್ಧಕ್ಕೆ ಬಾಗಿಲು ತೆಗೆಯಬೇಕು, ಅಷ್ಟೆ. ಮೊದಲ ದಿನ ಮೆಟ್ಟಿಲ ತನಕ ಸಾಕು. ನಾನೂ ಹಾಗೆಯೇ ಶುರು ಮಾಡಿದ್ದು.

ಇವತ್ತು ಒಲೆ ಹಚ್ಚಿ ಇಬ್ಬರಿಗಾಗುವಷ್ಟು ಮಾಡಿದೆ. ನೀನು ಇವತ್ತೇ ಬರುತ್ತೀ ಎಂದಲ್ಲ. ಎರಡು ತಟ್ಟೆ ಇಡುವುದು ಕೈಗೆ ಮರೆತುಹೋಗಿತ್ತು, ಈಗಿನಿಂದ ರೂಢಿಯಾಗಲಿ ಎಂದು. ಒಂದು ತಟ್ಟೆಯಲ್ಲಿ ಉಂಡೆ. ಪೂರ್ತಿ ಉಣ್ಣಲಾಗಲಿಲ್ಲ, ಅರ್ಧ ಉಂಡೆ. ಇನ್ನೊಂದು ತಟ್ಟೆಯದನ್ನು ಕಾವಲುಗಾರನಿಗೆ ಕೊಟ್ಟೆ. "ಏನಮ್ಮ, ಇವತ್ತು ಕಾಗದ ಕೇಳಲೇ ಇಲ್ಲ" ಅಂದ. "ಇವತ್ತು ಬರೆಯೋದು ನಾನು" ಅಂದೆ.

ಅಮ್ಮ ಕೇಳಿದಳಾ, ಏನಂದಳು ಎಂದು ಕೇಳಿದ್ದೀ. ಆ ಗಳಿಗೆಯಲ್ಲಿ ಪಕ್ಕದಲ್ಲಿ ಇದ್ದವಳು ನಾನೊಬ್ಬಳೇ, ಅಮ್ಮ ಹೇಳಿದ್ದು ನನ್ನ ಹತ್ತಿರ ಮಾತ್ರ ಇದೆ. ಸಿಟ್ಟಿಗೆ ನಿನಗೆ ಕೊಡದೆ ಇಟ್ಟುಕೊಂಡೆ. ಈಗ ಒಂದು ಬೇರೆ ಕಾಗದದಲ್ಲಿ, ಒಂದಕ್ಷರ ಹೆಚ್ಚು ಕಡಿಮೆ ಇಲ್ಲದೆ, ಬರೆದಿಟ್ಟಿದ್ದೇನೆ. ಉಪ್ಪಿನ ಡಬ್ಬಿಯ ಕೆಳಗಿದೆ. ಅದನ್ನು ಅಂಚೆಗೆ ಹಾಕುವುದಿಲ್ಲ, ಯಾರ ಕೈಲೂ ಕಳಿಸುವುದಿಲ್ಲ. ಗಡುವು ಇಲ್ಲ, ಗಂಟೆ ಇಲ್ಲ, ಎಷ್ಟು ಹೊತ್ತಿಗಾದರೂ ಸರಿ. ಆ ಉತ್ತರವನ್ನು ನೀನೇ ಬಂದು ತೆಗೆದುಕೊಂಡು ಹೋಗು.

ಅಕ್ಕ